ಇಪ್ಪತ್ತೆರಡು ಸಾಲು, ಐದು ದಿನ

ಫೆ. 3, ಮಂಗಳವಾರ
ಮೂರನೇ ಸಲ ಔಷಧಿ ಸಿಂಪಡಿಸಿದ್ದಾಯಿತು. ಇಪ್ಪತ್ತೆರಡು ಸಾಲು ಸ್ಟ್ರಾಬೆರಿ, ಹದಿನಾಲ್ಕು ಟ್ಯಾಂಕು. ಹಣ್ಣಿಗೆ ಹತ್ತಿದ ಬೂಸ್ಟು, ಔಷಧಿಯನ್ನೇ ಗೊಬ್ಬರ ಅಂದುಕೊಂಡ ಹಾಗಿದೆ. ನಿನ್ನೆ ಕೆಂಪಗಿದ್ದ ಹಣ್ಣು ಇವತ್ತು ಇಲಿಮರಿಯಂತೆ ಬೂದು ತುಪ್ಪಳ ಹೊದ್ದು ಕೂತಿದೆ.

ಹದಿನೆಂಟಕ್ಕೆ ಲೋಸರ್, ಟಿಬೆಟಿನವರ ಹೊಸ ವರ್ಷ. ಅವರ ಕ್ಯಾಂಪಿನ ಪಕ್ಕದ ಕೊಪ್ಪದ ತುಂಬಾ ಜನ ಸೇರುತ್ತಾರೆ. ಅಲ್ಲಿ ಹಣ್ಣು ಮಾರುವ ಖದೀರಣ್ಣನ ಅಂಗಡಿ ಮುಂದಿನ ಟೇಬಲ್‌ಗೆ ನೂರೈವತ್ತು ಬಾಕ್ಸ್ ಕೊಡುತ್ತೇನೆಂದು ಮಾತು ಕೊಟ್ಟಿದ್ದೇನೆ. ತಪ್ಪಿದರೆ ಆ ಟೇಬಲ್ ಸೀಸನ್ ಪೂರ್ತಿ ಊಟಿ ಹಣ್ಣಿಗೆ.

ಫೆ. 7
ಕೆಟ್ಟ ಎಲೆ, ಕೊಳೆತ ಹಣ್ಣು ಕಿತ್ತು ಸಾಲಿನಲ್ಲೇ ಬಿಸಾಡುತ್ತಿದ್ದೆ. ಹೊಗೆಸೊಪ್ಪು ಬೆಳೆಯುತ್ತಿದ್ದ ಕಾಲದ ಅಭ್ಯಾಸ. ಹೆಂಡತಿ ಭದ್ರಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ರೋಗನಾ ಹಾಸಿಗೆ ಹಾಕಿ ಮಲಗಿಸ್ತಾ ಇದ್ದೀರಾ? ಆಚೆ ಒಯ್ದು ಹೂಳ್ರೀ."

ನಿನ್ನೆ, ಇವತ್ತು ಇಬ್ಬರೂ ಬಗ್ಗಿದ್ದೇ ಬಗ್ಗಿದ್ದು. ಹೂಳಿದ್ದು ಹನ್ನೊಂದು ಚೀಲ.

ಫೆ. 10, ರಾತ್ರಿ
ಸಿಂಪಡಿಸಿದ ಔಷಧಿಯ ಲೇಬಲ್‌ಗಳನ್ನೆಲ್ಲ ಈ ಪುಸ್ತಕಕ್ಕೆ ಅಂಟಿಸುವುದು ನನ್ನ ಚಟ. ಇವತ್ತು ಮೂರನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಮೇಲೆ ಮೂರು ಕಂಪನಿ, ಮೂರು ಬಣ್ಣ, ಮೂರು ಹೆಸರು. ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಒಳಗಿರುವ ಔಷಧಿ — ಮೂರರಲ್ಲೂ ಅದೇ! ಬೂಸ್ಟಿಗೆ ಅದು ಅಭ್ಯಾಸವಾಗಿಬಿಟ್ಟಿದೆ. ಊರಿಗೆಲ್ಲ ಬುದ್ಧಿ ಹೇಳುವ ಈ ಕಂಠಪ್ಪ, ಅಂದರೆ ನಾನೇ, ಒಂದೇ ಔಷಧಿಯನ್ನು ಮೂರು ಅಂಗಿಯಲ್ಲಿ ಕೊಂಡು ತಂದಿದ್ದೆ.

ತೋಟಗಾರಿಕೆ ಆಫೀಸಿನ ರೂಪಶ್ರೀ ಮೇಡಂಗೆ ಫೋನ್ ಮಾಡಿದೆ. ಬೇರೆ ಗುಂಪಿನ ಔಷಧಿ ಬರೆಸಿದರು. ಪಿರಿಯಾಪಟ್ಟಣದಲ್ಲಿ ಇಲ್ಲ. ಮೈಸೂರಿಂದ ಬರಬೇಕು.

ಫೆ. 14
ನಿನ್ನೆ ಸಂಜೆ ಬಂತು. ಇವತ್ತು ಇಬ್ಬನಿ ಆರಿದ ಮೇಲೆ ಹೊಡೆದೆ. ಈ ಸಲ ಲೇಬಲ್ ಮೊದಲು ಓದಿದೆ. ಸಿಂಪಡಿಸಿ ಐದು ದಿನ ಕೊಯ್ಯಬಾರದು. ಹದಿನಾಲ್ಕಕ್ಕೆ ಐದು... ಹತ್ತೊಂಬತ್ತು. ಲೋಸರ್ ಹದಿನೆಂಟು.

ಒಂದು ದಿನ ತಾನೇ. ತೊಳೆದರಾಯಿತು.

ಫೆ. 17, ಸಂಜೆ
ಬೂಸ್ಟು ನಿಂತಿದೆ. ಸಾಲಿಗೆ ಎರಡು ಮೂರು ಹಣ್ಣು ಕೆಟ್ಟದ್ದು ಬಿಟ್ಟರೆ ಉಳಿದದ್ದು ಕೆಂಪು. ನಾಳೆ ಕೊಯ್ಯಲು ಬಾಕ್ಸ್ ಜೋಡಿಸಿಟ್ಟಿದ್ದೆ.

ಖದೀರಣ್ಣ ಬಂದ. ತಿಂದು ನೋಡದೆ ಮಾಲು ಎತ್ತುವವನಲ್ಲ, ಮೊದಲಿಂದಲೂ ಹಾಗೆ. ಒಂದನ್ನು ಕಿತ್ತ, ಅಂಗಿಗೆ ಒರೆಸಿದ, ಬಾಯಿಗೆ ಒಯ್ದ. ನನ್ನ ಕೈ ನನ್ನನ್ನು ಕೇಳದೆ ಅವನ ಮಣಿಕಟ್ಟು ಹಿಡಿಯಿತು.

"ಏನ್ಲಾ ಕಂಠ, ಒಂದ್ ಹಣ್ಣಿಗೆ ಇಷ್ಟು ಜಿಪುಣತನವಾ?"

"ಬ್ಯಾಡ ಕಣಣ್ಣ. ಔಸ್ದಿ ಐತೆ. ನಾಡಿದ್ದು ತಿನ್ನು."

ಅವನು ಹಣ್ಣು ನೋಡಿದ, ಬಾಕ್ಸ್‌ಗಳನ್ನು ನೋಡಿದ.

"ನಾನು ನಾಡಿದ್ದು ತಿನ್ಬೇಕು. ಗಿರಾಕಿ ನಾಳೆನೇ ತಿನ್ಬೋದಾ?"

ಬಾಕ್ಸ್‌ಗಳನ್ನು ಒಳಗೆ ಒಯ್ದಿಟ್ಟೆ.

"ನಾಳೆ ಟೇಬಲ್ ಊಟಿಯೋರಿಗೆ ಕೊಡ್ತೀನಿ, ಬೇಜಾರಾಗ್ಬ್ಯಾಡ," ಎಂದು ಹೋದ. ಲೋಸರ್ ಮುಗಿದ ಮೇಲೆ ಟೇಬಲ್ ಯಾರಿಗೆಂದು ಹೇಳಲಿಲ್ಲ.

ಫೆ. 18
ಕೊಯ್ಯಲಿಲ್ಲ. ಇಡೀ ದಿನ ಕಳೆ ಕಿತ್ತೆ. ಸಾಲಿನಲ್ಲಿ ಬಿಸಾಡಲಿಲ್ಲ.

ಫೆ. 19, ಬೆಳಿಗ್ಗೆ 7
ಐದು ಸಾಲು ಕೊಯ್ದಾಯಿತು. ಭದ್ರಮ್ಮ ಮೊದಲ ಹಣ್ಣು ತಿಂದು ಮುಖ ಕಿವುಚಿದಳು. "ಹುಳಿ," ಎಂದಳು. ಎರಡನೆಯದನ್ನೂ ತಿಂದಳು.

ಯಾರೂ ಬರದಿದ್ದರೂ ಸರಿ, ಬೈಕಿಗೆ ಕಟ್ಟಿಕೊಂಡು ಕೊಪ್ಪದ ರಸ್ತೆಬದಿ ನಿಲ್ಲುತ್ತೇನೆ. ಬಾಯಿ ಇದೆ, ಹಣ್ಣಿದೆ. ಈಗ ಯಾರು ಬೇಕಾದರೂ ತಿಂದು ನೋಡ—

ಬದುವಿನ ಕಡೆ ಆಟೋ ಹಾರ್ನ್. ಖದೀರಣ್ಣನದೇ. ದೊಡ್ಡದೊಂದು ಹಣ್ಣು ಆರಿಸಿ ಅವನ ಕೈಗೆ ಕೊಡಬೇಕು, ಹೋಗುತ್ತೇನೆ.