ಅಡುಗೆಮನೆಯ ಸೊಟ್ಟ ಫರ್ಶಿ

ದಹಿಸರ್ ಪೂರ್ವ
ಮಂಗಳವಾರ, 11 ಫೆಬ್ರುವರಿ 2025

ನನ್ನ ಅಕ್ಕನ ಮಗಳು, ಸಿನೆಮಾ ಕಲಿಯುವ ಜಾಣೆ ಸೌಮ್ಯಾಳಿಗೆ ಬಂಡೆಪ್ಪ ಮಾಮಾನ ಬಾಯಿತುಂಬ ಆಶೀರ್ವಾದಗಳು.

ನಾನೂ ನಿನ್ನ ಅತ್ತೆ ಮಲ್ಲವ್ವನೂ ಇಲ್ಲಿ ಆರಾಮ ಇದ್ದೇವೆ. ನೀನು ಫೋನಿನಲ್ಲಿ ಕಳಿಸಿದ ಹನ್ನೊಂದು ನಿಮಿಷದ ಸಿನೆಮಾ ಮುಟ್ಟಿತು. ರವಿವಾರ ಮುಲುಂಡಿನಲ್ಲಿ ನಿಮ್ಮ ಬಿಲ್ಡಿಂಗಿನ ಹಾಲ್‌ನಲ್ಲಿ ತೋರಿಸುತ್ತೀ, ಅದರಲ್ಲಿ ನಟಿಸಿದ ನಿನ್ನ ಅವ್ವ ಮುಂದಿನ ಸಾಲಿನಲ್ಲಿ ಕೂತಿರುತ್ತಾಳೆ, ಮಾಮಾನೂ ಬರಬೇಕು ಎಂದೆ. ನಾಲ್ಕು ವರ್ಷದಿಂದ ಮಾತು ಬಿಟ್ಟ ಅಕ್ಕ-ತಮ್ಮನನ್ನು ಒಂದೇ ಹಾಲ್‌ನಲ್ಲಿ ಕೂಡಿಸುವ ಧೈರ್ಯ ನಿನ್ನದು! ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

'ಮಾಮಾ, ನಿಮಗೇನ್ ಕಾಣಿಸ್ತು ಅಷ್ಟ ಹೇಳ್ರಿ, ವಾಯ್ಸ್ ಮೆಸೇಜ್ ಸಾಕು' ಎಂದಿದ್ದೆ. ಸಾಕಾಗುವುದಿಲ್ಲ ತಂಗಿ. ಏಳನೆಯ ಇಯತ್ತೆಯಲ್ಲಿ ನನ್ನ ಅಕ್ಷರವನ್ನು ನಮ್ಮೂರ ಮಾಸ್ತರರು ಇಡೀ ಶಾಲೆಗೆ ತೋರಿಸಿಕೊಂಡು ಬಂದಿದ್ದರು. ಅಂಥ ಅಕ್ಷರ ಹಾಳಾಗಬಾರದೆಂದು ಕಾಗದದಲ್ಲೇ ಬರೆಯುತ್ತಿದ್ದೇನೆ. ಓದುವುದು ಹೇಗೆ ಎನ್ನುವುದು ನಿನ್ನ ತಲೆನೋವು.

ಮೊದಲು ನಿನ್ನ ತಪ್ಪುಗಳು. ಮೂವತ್ತು ವರ್ಷ ಮುಂಬೈಯ ಮನೆಗಳ ನೆಲಕ್ಕೆ ಫರ್ಶಿಕಲ್ಲು ಕೂಡಿಸಿದ ಕಣ್ಣು ನನ್ನದು. ಬೈಕುಲ್ಲಾದ ಒಂದು ಖಾನಾವಳಿಗೆ ನಾನು ಹಾಕಿದ ನೆಲದ ಮೇಲೆ ಇಂಜಿನಿಯರು ಲೆವೆಲ್ ಪಟ್ಟಿ ಇಟ್ಟ. ಪಟ್ಟಿಯೊಳಗಿನ ನೀರಿನ ಗುಳ್ಳೆ ನಡುವಿನಿಂದ ಕೂದಲೆಳೆಯಷ್ಟೂ ಕದಲಲಿಲ್ಲ. ಪಟ್ಟಿಯೇ ಕೆಟ್ಟಿರಬೇಕೆಂದು ಹೊಸದು ತರಿಸಿದ! ಇಂಥ ಕಣ್ಣಿಗೆ ನಿನ್ನ ಸಿನೆಮಾ ಸಿಕ್ಕಿತು ನೋಡು.

ಕ್ಯಾಮೆರಾವನ್ನು ನೆಲದಿಂದ ಮೂರು ಗೇಣು ಎತ್ತರದಲ್ಲಿ ಇಟ್ಟಿದ್ದೀ. ನಿನ್ನ ಅವ್ವ ಅಡುಗೆಮನೆಯಲ್ಲಿ ಓಡಾಡಿದರೆ ಕಾಲು, ಸೀರೆಯ ಅಂಚು, ಕೈ ಇಷ್ಟೇ ಕಾಣುತ್ತವೆ. ತಲೆ ಹಾರಿಹೋಗಿದೆ. ಮದುವೆಯ ವಿಡಿಯೋದವನು ಹೀಗೆ ಮಾಡಿದ್ದರೆ ಬೀಗರು ಎಲೆ ಬಿಟ್ಟು ಎದ್ದು ಹೋಗುತ್ತಿದ್ದರು. ಮನೆಯಲ್ಲಿ ಇರುವವಳು ಒಬ್ಬಳು, ಸೋಸಿದ್ದು ಎರಡು ಕಪ್ ಚಹಾ. ಎರಡನೆಯದು ಯಾರಿಗೆ? ಯಾರೂ ಬರುವುದಿಲ್ಲ, ಚಹಾ ಕೆನೆಗಟ್ಟುತ್ತ ಕೂತಿದೆ. ಇನ್ನು ಹೊರಗೆ ಲಿಫ್ಟಿನ ಬಾಗಿಲು ಸಪ್ಪಳವಾದಾಗಲೆಲ್ಲ ಅವಳ ಕಾಲು ನಿಲ್ಲುತ್ತವೆ. ಮೂರು ಸಲ ನಿಲ್ಲುತ್ತವೆ. ಸಿನೆಮಾ ಎಂದಮೇಲೆ ಮೂರನೆಯ ಸಲಕ್ಕಾದರೂ ಯಾರೋ ಒಳಗೆ ಬರಬೇಕು. ನೀನು ಮುಚ್ಚಿದ ಬಾಗಿಲನ್ನೇ ತೋರಿಸಿ ಮುಗಿಸಿಬಿಟ್ಟೆ! ಹಾಡಿಲ್ಲ, ಬಡಿದಾಟವಿಲ್ಲ, ಅಳುವಿಲ್ಲ.

ಇಷ್ಟನ್ನೂ ಮಲ್ಲವ್ವನಿಗೆ ಹೆಮ್ಮೆಯಿಂದ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. 'ಮಾಸ್ತರಕಿ ಸಾಕ್ರಿ. ಇನ್ನೊಮ್ಮೆ ಹಚ್ಚಿ, ಅಕ್ಕಾರು ಕಾಲು ಎಲ್ಲೆಲ್ಲಿ ಇಡ್ತಾರ ಅದನ್ನಷ್ಟ ನೋಡ್ರಿ' ಎಂದಳು.

ನೋಡಿದೆ. ಒಲೆಯ ಕಟ್ಟೆಯ ಹತ್ತಿರ ಒಂದು ಫರ್ಶಿ. ಹೋಗುವಾಗಲೂ ಬರುವಾಗಲೂ ಅವಳು ಅದನ್ನು ಸುತ್ತುಹಾಕುತ್ತಾಳೆ, ಒಮ್ಮೆಯೂ ತುಳಿಯುವುದಿಲ್ಲ.

ನಿಮ್ಮ ಆ ಮನೆಗೆ ಫರ್ಶಿ ಹಾಕಿದವನು ನಾನೇ ಎಂಬುದು ನಿನಗೆ ಗೊತ್ತು. ವಾಸ್ತುಶಾಂತಿಯ ದಿನ ಪಂಕ್ತಿ ಕೂತಾಗ ನಿನ್ನ ಅವ್ವ ಎಲ್ಲರೆದುರು, 'ಬಂಡ್ಯಾ, ಈ ಒಂದು ಫರ್ಶಿ ಸೊಟ್ಟ ಆಗೇತಲ್ಲೋ' ಎಂದಳು. 'ಮನಿಗೆ ದೃಷ್ಟಿ ಆಗಬಾರದಂತ ನಾನ ಬೇಕಂತ ಸೊಟ್ಟ ಇಟ್ಟೀನಿ' ಎಂದೆ. ಜನ ನಕ್ಕರು. ಹೋಳಿಗೆ ಮುರಿದಿರಲಿಲ್ಲ ಇನ್ನೂ, ಎದ್ದು ಚೀಲ ಹೆಗಲಿಗೆ ಹಾಕಿಕೊಂಡು ಬಂದೆ. ಅಂದಿನಿಂದ ನಾನು ಮುಲುಂಡಿಗೆ ಬಂದಿಲ್ಲ, ಅವಳು ದಹಿಸರಿಗೆ ಬಂದಿಲ್ಲ.

ಒಂದು ಫರ್ಶಿ ಕಿತ್ತು ಬೇರೆ ಕೂಡಿಸಲು ಯಾವ ಮಿಸ್ತ್ರಿಗೂ ಅರ್ಧ ತಾಸು ಸಾಕು. ನಾಲ್ಕು ವರ್ಷ ಅವಳು ಯಾರನ್ನೂ ಕರೆಸಿಲ್ಲ.

ಆಮೇಲೆ ನಿನ್ನ ಕ್ಯಾಮೆರಾ ತಿಳಿಯಿತು. ಮೂರು ಗೇಣು ಎತ್ತರದಿಂದ ಅಡುಗೆಮನೆ ನೋಡುವವನು ಯಾರು? ಕುಕ್ಕರಗಾಲಿನಲ್ಲಿ ಕೂತು ಫರ್ಶಿ ಕೂಡಿಸುವವನು. ನಿಮ್ಮ ಮನೆಗೆ ಫರ್ಶಿ ಹಾಕಿದ ಎಂಟು ದಿನ ನಾನು ಅಲ್ಲೇ ಕೂತಿದ್ದೆ. ತಲೆ ಎತ್ತದೆ ಕೆಲಸ ಮಾಡುವವನಿಗೆ ಅಕ್ಕನ ಕಾಲು ಮತ್ತು ಚಹಾ ಕೊಡುವ ಕೈ ಇವೇ ಕಾಣುತ್ತಿದ್ದವು. ಸಿನೆಮಾದಲ್ಲಿ ಮಾಮಾನನ್ನು ಯಾಕೆ ಬಿಟ್ಟಳು ಎಂದು ಒಳಗೊಳಗೇ ಸಿಟ್ಟಾಗಿದ್ದೆ. ಕ್ಯಾಮೆರಾ ಇಟ್ಟ ಜಾಗದಲ್ಲೇ ನನ್ನನ್ನು ಕೂಡಿಸಿದ್ದೀಯಲ್ಲ, ಕಳ್ಳಿ!

ಎರಡನೆಯ ಕಪ್ಪಿಗಷ್ಟೇ ಮೂರು ಚಮಚ ಸಕ್ಕರೆ ಬೀಳುವುದನ್ನೂ ಆಗಲೇ ನೋಡಿದ್ದು. ಅಷ್ಟು ಸಿಹಿ ಕುಡಿಯುವವನು ನಮ್ಮ ಮನೆತನದಲ್ಲಿ ಒಬ್ಬನೇ. ನೀನು ಹೇಳಿ ಹಾಕಿಸಿದೆಯೋ, ಅವಳ ಕೈ ತಾನೇ ಹಾಕಿತೋ? ಹೇಳಬೇಡ. ನನಗೆ ಬೇಕಾದ ಉತ್ತರವನ್ನು ನಾನು ಇಟ್ಟುಕೊಂಡಿದ್ದೇನೆ.

ತಂಗಿ, ಈ ನಾಲ್ಕು ವರ್ಷದಲ್ಲಿ ಹಿರಿಯರು ಬಂದು ಬುದ್ಧಿ ಹೇಳಿದರು. ಒಂದಕ್ಕೆ ನಾಲ್ಕು ಮಾತಾಡಿ ಎಲ್ಲರನ್ನೂ ಕಳಿಸಿದೆ. ನಿನ್ನ ಸಿನೆಮಾ ಬಾಯಿಯನ್ನೇ ಬಿಡಲಿಲ್ಲ. ನಿನ್ನ ಉಪಕಾರ ದೊಡ್ಡದು. ಚಿಕ್ಕವಳಿದ್ದಾಗ ನನ್ನ ಹೆಗಲ ಮೇಲೆ ಕೂತು ಜುಹುವಿನ ಸಮುದ್ರ ನೋಡಿದವಳು, ಈಗ ನನ್ನನ್ನು ಕೂಡಿಸಿ ನನ್ನ ಅಕ್ಕನನ್ನು ತೋರಿಸಿದೆ. ಕಾಲೇಜಿನವರು ಅಂಕ ಕಡಿಮೆ ಕೊಟ್ಟರೆ ನನ್ನ ಕಡೆ ಕಳಿಸು, ನಾನು ತಿಳಿಸಿ ಹೇಳುತ್ತೇನೆ.

ರವಿವಾರದ ಮಾತು ಇನ್ನೂ ನಿಶ್ಚಯವಿಲ್ಲ. ಎಷ್ಟಾದರೂ ನಾನು ಮಾನವಂತ. ಕರೆಯಬೇಕಾದವರು ಕರೆಯಬೇಕಲ್ಲ.

ಇಂತಿ, ನಿನ್ನ ಸಿನೆಮಾದ ಕಾಣದ ನಾಯಕ,
ಬಂಡೆಪ್ಪ ಮಾಮಾ

ತಾ.ಕ.: ಅಕ್ಕಾ, ಸೌಮ್ಯಾಗೆ ಕನ್ನಡ ಆಡಲಿಕ್ಕೆ ಬರುತ್ತದೆ, ಓದಲಿಕ್ಕೆ ಬರುವುದಿಲ್ಲ. ಇದನ್ನು ಗಟ್ಟಿಯಾಗಿ ಓದಿ ಹೇಳುವವಳು ನೀನೇ ಎಂದು ಗೊತ್ತಿದ್ದೇ ಬರೆದೆ. ಇಷ್ಟನ್ನು ಮಾತ್ರ ಮನಸ್ಸಿನಲ್ಲೇ ಓದಿಕೊ. ಆ ಫರ್ಶಿ ದೃಷ್ಟಿಗೆ ಇಟ್ಟದ್ದಲ್ಲ. ಆಗಲೇ ಬಲಗಣ್ಣಿಗೆ ಪೊರೆ ಬಂದಿತ್ತು, ಫರ್ಶಿಯ ಸಾಲು ನೆಟ್ಟಗಿರಲೆಂದು ಕಟ್ಟಿದ ದಾರ ಎರಡೆರಡಾಗಿ ಕಾಣುತ್ತಿತ್ತು. ಗೊತ್ತಾದರೆ ಯಾರೂ ಕೆಲಸ ಕೊಡಲಾರರೆಂದು ಮಲ್ಲವ್ವನಿಗೂ ಹೇಳಿರಲಿಲ್ಲ. ನೀನು ಕಂಡುಹಿಡಿದೆ ಎಂದು ಹೆದರಿ ಎದ್ದು ಬಂದೆ. ಹೋದ ತಿಂಗಳು ಆಪರೇಶನ್ ಆಯಿತು. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ನಾನು ಮೊದಲು ನೆಟ್ಟಗೆ ನೋಡಿದ್ದು ನಿನ್ನ ಮಗಳ ಸಿನೆಮಾ. ಫರ್ಶಿ ಸೊಟ್ಟಗೇ ಇದೆ, ನೀನು ಹೇಳಿದಷ್ಟೇ ಸೊಟ್ಟ. ರವಿವಾರ ಬರುತ್ತೇನೆ, ಲಿಫ್ಟಿನ ಸಪ್ಪಳ ಕೇಳಿದರೆ ಬಾಗಿಲು ತೆಗೆ. ಸಕ್ಕರೆ ಈಗ ಒಂದೇ ಚಮಚ.