ಮಂಗಳವಾರದ ನೇರ ಗೆರೆ

ಮಾರ್ಚ್ 4, ಬೆಳಿಗ್ಗೆ 7.10

ಮತ್ತೆ ಅದೇ ಚಿತ್ರ ತೆಗೆದು ನೋಡಿದೆ. ಕಾಫಿ ಆರಿಹೋಯಿತು. ಹೋಗಲಿ, ಇಂಥ ಚಿತ್ರ ಇನ್ನಾರ ಹತ್ತಿರ ಇದೆ?

ಅಕ್ಕನ ಲಾಂಡ್ರಿಯ ದೊಡ್ಡ ವಾಷಿಂಗ್ ಮೆಷಿನ್. ಸದಾ ಗೊಣಗುತ್ತದೆ, ಅದಕ್ಕೇ ‘ದೊಡ್ಡಪ್ಪ’ ಅಂತ ಹೆಸರಿಟ್ಟಿದ್ದೇವೆ. ಅದರ ಬೆನ್ನಿಗೆ ಟೇಪು ಸುತ್ತಿ ಪುಟ್ಟ ಸೆನ್ಸರ್ ಅಂಟಿಸಿದ್ದೇನೆ. ನಡುಕವನ್ನೆಲ್ಲ ಅಂಕಿಯಾಗಿ ಬರೆದಿಡುತ್ತದೆ. ಒಂದು ಗಳಿಗೆಯ ನಡುಕ ಹಿಂದಿನ ಯಾವುದೋ ಗಳಿಗೆಯ ಹಾಗೇ ಇದ್ದರೆ ಒಂದು ಕಪ್ಪು ಚುಕ್ಕೆ. ಇಷ್ಟೇ ನನ್ನ ವಿದ್ಯೆ. ಮರುಕಳಿಕೆ ವಿಶ್ಲೇಷಣೆ ಅಂತ ಭಾರಿ ಹೆಸರು ಬೇರೆ.

ಜನವರಿಯ ಒಂದು ಬುಧವಾರ ದೊಡ್ಡಪ್ಪನ ಬೇರಿಂಗ್ ಮುರಿದು ಬಾಗಿಲ ಗಾಜು ಸಿಡಿಯಿತು. ಅಕ್ಕನ ಮಣಿಕಟ್ಟಿಗೆ ಒಂಬತ್ತು ಹೊಲಿಗೆ. ಹಿಂದಿನ ದಿನದ ಚಿತ್ರದಲ್ಲಿ ಮಾತ್ರ ಚುಕ್ಕೆಗಳೆಲ್ಲ ಸೇರಿ ಉದ್ದಕ್ಕೂ ಒಂದೇ ನೇರ ಗೆರೆ — ಮಂಗಳವಾರ ಪೂರ್ತಿ ಸೋಮವಾರದ ಪಡಿಯಚ್ಚು. ಅಂದರೆ, ಕೆಡುವ ಮುಂಚೆ ಮೆಷಿನ್ ಶಿಸ್ತಿನ ಸಿಪಾಯಿ ಆಗಿಬಿಡುತ್ತದೆ. ಇದೇ ನನ್ನ ಸಿದ್ಧಾಂತ. ಇನ್ನು ಗೆರೆ ಕಂಡ ಕೂಡಲೇ ನಿಲ್ಲಿಸಿದರಾಯಿತು, ಅಕ್ಕನ ಕೈ ಉಳಿಯುತ್ತದೆ. ರಿಪೇರಿ ಆದಾಗಿನಿಂದ ಅವಳು ದಿನಾ ಸಂಜೆ ಸೆನ್ಸರಿನ ಫೈಲ್ ಕಳಿಸುತ್ತಾಳೆ, ನಾನು ಚಿತ್ರ ಬಿಡಿಸಿ ವಾಪಸ್ ಕಳಿಸುತ್ತೇನೆ. ಇದುವರೆಗೆ ಗೆರೆ ಬಂದಿಲ್ಲ.

ಮಾರ್ಚ್ 9

ಸಂಕೀರ್ಣ ವ್ಯವಸ್ಥೆಗಳ ಸಮ್ಮೇಳನದವರ ಮೇಲ್. ನನ್ನ ಭಾಷಣಕ್ಕೆ ಇಪ್ಪತ್ತು ನಿಮಿಷ. ಸಾಲದ್ದಕ್ಕೆ ಪುಸ್ತಿಕೆಯ ಮುಖಪುಟಕ್ಕೂ ನನ್ನ ಗೆರೆಯೇ ಬೇಕಂತೆ. ಬೇಡ ಅನ್ನಲು ನನಗೇನು ತಲೆ ಕೆಟ್ಟಿದೆಯೇ.

“ನಮ್ಮ ದೊಡ್ಡಪ್ಪ ಮುಖಪುಟಕ್ಕಾ?” ಅಂದಳು ಅಕ್ಕ. “ಮೊದ್ಲೇ ಹೇಳಿದ್ರೆ ಮುಖ ತೊಳೆಸಿ ಕಳಿಸ್ತಿದ್ದೆ.”

ಮಾರ್ಚ್ 21, ಸಂಜೆ 5

ಮೊದಲ ದಿನ. ಮುನ್ನೂರು ಜನರ ಕಂಕುಳಲ್ಲಿ ನನ್ನ ಗೆರೆ. ಒಬ್ಬ ಮಹಾಶಯ ಅದರ ಮೇಲೇ ಟೀ ಲೋಟ ಇಟ್ಟಿದ್ದ. ಕ್ಷಮಿಸಿದೆ.

ಕಾರಿಡಾರಿನಲ್ಲಿ ದಪ್ಪ ಕನ್ನಡಕದ ಹಿರಿಯರೊಬ್ಬರು ತಡೆದರು. ಈ ಚುಕ್ಕೆಗಳಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವರು.

“ಇಷ್ಟು ನೇರ ಗೆರೆ ನಾನು ನಲವತ್ತು ವರ್ಷದಲ್ಲಿ ನೋಡಿಲ್ಲಮ್ಮ.”

ಉಬ್ಬಿಹೋದೆ.

“ಹೊಗಳ್ತಾ ಇಲ್ಲ. ನಿಜವಾದ ಮೆಷಿನ್ ಹಳೇ ಜಾಗದ ಹತ್ತಿರ ಬರುತ್ತೆ, ಅಲ್ಲಿಗೇ ಬರೋದಿಲ್ಲ. ಒಂದೇ ಫೈಲ್ ಎರಡು ಸಲ ಸೇರಿಲ್ಲ ತಾನೆ?”

ಮೈ ಉರಿದುಹೋಯಿತು. ನನಗೇ ಪಾಠ... ಹೊಟ್ಟೆಕಿಚ್ಚು, ಇನ್ನೇನು.

ಅದೇ ದಿನ, 5.50

ಆ ಸೋಮವಾರದ, ಮಂಗಳವಾರದ ಅಂಕಿ ಪಕ್ಕಪಕ್ಕ ಇಟ್ಟು ನೋಡಿದೆ. ಒಂದೇ ಒಂದು ಅಂಕಿಯೂ ಬೇರೆ ಇಲ್ಲ. ಫೈಲಿನೊಳಗೆ ತಾರೀಕು ಬರೆಸಿರಲಿಲ್ಲ, ಹೆಸರಿನಲ್ಲಷ್ಟೇ. ಹಾಗೆ ಸಾಕು ಅಂದವಳೂ ನಾನೇ.

ಅಕ್ಕನಿಗೆ ಫೋನ್ ಮಾಡಿ ಆ ಮಂಗಳವಾರದ್ದು ಕೇಳಿದೆ.

“ಆವತ್ತು ಸೆನ್ಸರ್ ಚಾರ್ಜಿಗೆ ಹಾಕೋದು ಮರ್ತಿದ್ದೆ ಕಣೇ. ಒಂದು ದಿನ ಖಾಲಿ ಬಿಟ್ರೂ ನೀನು ಮುಖ ಊದಿಸ್ಕೋತೀಯ. ದಿನಾ ಅದೇ ಬಟ್ಟೆ, ಅದೇ ಮೆಷಿನ್ ಅಲ್ವಾ ಅಂತ ಸೋಮವಾರದ ಫೈಲಿಗೇ ಮಂಗಳವಾರದ ತಾರೀಕು ಹಾಕಿ ಕಳಿಸ್ದೆ. ಯಾಕೆ, ತೊಂದ್ರೆ ಆಯ್ತಾ?”

ಬಾಯಿಗೆ ಬಂದಂತೆ ಬೈಯುವವಳಿದ್ದೆ. ಅಷ್ಟರಲ್ಲಿ ಅವಳ ಹಿಂದೆ ದೊಡ್ಡಪ್ಪನ ದನಿ ಕೇಳಿಸಿತು. ಗೊಣಗಾಟವಲ್ಲ, ಕಟಕಟ ಸದ್ದು.

“ಏನದು ಸದ್ದು?”

“ನಿನ್ನೆಯಿಂದ ಹೀಗೇ. ಹೆದರ್ಬೇಡ, ನಿನ್ನ ಗೆರೆ ಬಂದಿಲ್ವಲ್ಲ. ಅದಕ್ಕೇ ಧೈರ್ಯವಾಗಿ ಓಡಿಸ್ತಿದ್ದೀನಿ.”

“ಈಗ್ಲೇ ಆಫ್ ಮಾಡು.”

“ಇನ್ನು ಹತ್ತೇ ನಿಮಿಷ...”

“ಅಕ್ಕ, ಆ ಗೆರೆ ಸುಳ್ಳು. ನಿಲ್ಸು.”

ನಿಂತಿತು. ಇಷ್ಟು ದಿನ ಅವಳ ಕೈಯನ್ನು ನಾನೇ ಆ ಗಾಜಿನೆದುರು ಹಿಡಿದಿದ್ದೆ.

ಮಾರ್ಚ್ 22, ಬೆಳಿಗ್ಗೆ 8

ಮಂಗಳವಾರ ತೆಗೆದುಹಾಕಿ ಚಿತ್ರ ಹೊಸದಾಗಿ ಬಿಡಿಸಿದೆ. ಶಿಸ್ತೂ ಇಲ್ಲ, ಸಿಪಾಯಿಯೂ ಇಲ್ಲ. ಆದರೆ ಬುಧವಾರ, ಮುರಿಯುವ ಎರಡು ಗಂಟೆ ಮುಂಚೆ, ದಿನಾ ಕಾಣುವ ಸಣ್ಣ ಗೆರೆಗಳೂ ತುಂಡುತುಂಡಾಗಿವೆ. ಉದ್ದದ ಗೆರೆಯ ಗುಂಗಿನಲ್ಲಿ ಇದು ಕಣ್ಣಿಗೇ ಬಿದ್ದಿರಲಿಲ್ಲ. ನಿನ್ನೆಯ ಫೈಲ್ ತರಿಸಿಕೊಂಡು ನೋಡಿದೆ. ಅದೇ ತುಂಡುಗಳು. ಎರಡೇ ಸಲದ ಸಾಕ್ಷಿ, ಸರಿ. ಆದರೆ ಈ ಸಲ ಕಟಕಟ ಸದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

ಭಾಷಣದಿಂದ ಹಿಂದೆ ಸರಿಯುವುದೇ? ಸರಿಯುವವಳಲ್ಲ. ಮುನ್ನೂರು ಮುಖಪುಟಗಳ ತಪ್ಪನ್ನು ಮುನ್ನೂರು ಜನರ ಮುಂದೆಯೇ ಹೇಳುತ್ತೇನೆ.

11.10

ಸಭಾಂಗಣ. ಮೊದಲ ಸಾಲಿನಲ್ಲಿ ದಪ್ಪ ಕನ್ನಡಕ. ಹೋಗಿ ಎಲ್ಲ ಹೇಳಿದೆ. ತಲೆಯಾಡಿಸಿ, ಪಕ್ಕದ ಕುರ್ಚಿಯಿಂದ ಚೀಲ ಎತ್ತಿ ಕೂರಲು ಜಾಗ ಮಾಡಿಕೊಟ್ಟರು.

ಈಗ ಅಕ್ಕನ ಫೋನ್. “ಮೆಕ್ಯಾನಿಕ್ ಬಿಚ್ಚಿ ನೋಡ್ದ. ಬೇರಿಂಗ್ ಪುಡಿಪುಡಿ. ಇನ್ನೊಂದು ಲೋಡ್ ಹಾಕಿದ್ರೆ ಮುಗೀತಿತ್ತಂತೆ.” ಆಮೇಲೆ ಅಳು. “ನಿನ್ ಮರ್ಯಾದೆ ನಾನೇ ಕಳೆದ್ನಲ್ಲೇ...”

“ಸುಮ್ನಿರು. ಕೈ ಇದೆಯಲ್ಲ.”

ನನ್ನನ್ನು ಕರೆಯುತ್ತಿದ್ದಾರೆ. ಮೊದಲ ಮಾತನ್ನಾದರೂ ಬರೆದುಕೊಳ್ಳುತ್ತೇನೆ, ತಡವರಿಸಬಾರದು. ‘ನಿಮ್ಮ ಕೈಯಲ್ಲಿರುವ ಮುಖಪುಟದ ಗೆರೆ ಮೆಷಿನ್ನಿನದಲ್ಲ. ನನ್ನ ಅಕ್ಕನದು. ತಂಗಿಗೆ ಬೇಜಾರಾಗದಿರಲಿ ಅಂತ ಅವಳು ಒಂದು ದಿನ —