ಡಾರ್ಕಸ್‌ಗೆಂದು ಇಟ್ಟ ಹಾಡು

೧೯೨೯ ಜುಲೈ ೧೧

ಇವತ್ತೂ ಮಂಜು. ಅಟ್ಟಣೆ ಮೇಲಿನ ಮೀನು ಒಣಗಿಲ್ಲ. ಹೆಂಗಸರೆಲ್ಲ ಮುಖ ಗಂಟು ಹಾಕಿಕೊಂಡಿದ್ದಾರೆ. ಶಾಲೆಗೆ ರಜೆ, ಹಾಗಾಗಿ ಎವರೆಟ್‌ನ ಹಾಡು ಹಿಡಿದಿಡೋ ಪೆಟ್ಟಿಗೆ, ಫೋನೋಗ್ರಾಫು, ಹೊತ್ತು ಮನೆಮನೆ ಅಲೆಯೋದೇ ನನ್ನ ಕೆಲಸ. ಹಳೇ ಹಾಡು ಹುಡುಕಿಕೊಂಡು ಬಾಸ್ಟನ್ನಿನಿಂದ ನ್ಯೂಫೌಂಡ್‌ಲ್ಯಾಂಡಿಗೆ ಬಂದವನು. ಹಡಗು ಇಳಿದ ದಿನ ನಮ್ಮ ಗ್ರೇ ಕೋವಿನ ಜನ ಅವನ ಪಾಲಿಶ್ ಬೂಟು ನೋಡಿ ನಕ್ಕಿದ್ದರು. ಈಗ ಅವನು ಬಾಗಿಲಿಗೆ ಬಂದರೆ ಸಾಕು, ಕೆಟಲ್ ಒಲೆ ಮೇಲೆ.

ಫೀನತ್ತೆ ಮಾತ್ರ ಜಗ್ಗಲಿಲ್ಲ. ಊರಿಗೆಲ್ಲ ಅತ್ತೆ ಅವಳು. ನಾನು ಮೇಷ್ಟ್ರಾಗಿ ಬಂದ ಮೊದಲ ಚಳಿಗಾಲ ಅವಳ ಮನೆಯಲ್ಲೇ ಇದ್ದವನು.

“ಹಾಡು ಬರುತ್ತಪ್ಪ. ಪೆಟ್ಟಿಗೆ ಮುಂದೆ ಹಾಡಲ್ಲ. ಬೇಕಾದ್ರೆ ಪಾದ್ರಿ ಕೋಳಿ ಕದ್ದಿದ್ದು ಹಾಡ್ತೀನಿ, ತಗೋ.”

ಹಾಡಿದಳು. ಸೊಸೆ ಡಾರ್ಕಸ್ ನಗು ತಡೆಯಲಾರದೆ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು.

ವಾಪಸ್ ಬರುವಾಗ ಎವರೆಟ್ — “ಆಕೆ ಹತ್ರ ಇನ್ನೊಂದು ಹಾಡಿದೆ. ಅಲ್ವಾ?”

“ನಿಂಗ್ಹೇಗೆ ಗೊತ್ತು?”

“ನಾನು ಕೇಳಿದಾಗ ನೀನು ಕಿಟಕಿ ಕಡೆ ತಿರುಗಿದೆ.”

ಇಷ್ಟು ಗಮನ ಕೊಟ್ಟು ನನ್ನನ್ನು ಯಾರೂ ನೋಡಿಲ್ಲ. ಮೂವತ್ತೊಂದು ವರ್ಷ.

೧೯೨೯ ಜುಲೈ ೨೮

ಪಕ್ಕದ ಕೊಲ್ಲಿಗೆ ದೋಣಿಯಲ್ಲಿ ಹೋಗಿದ್ದೆವು. ಬರುವಾಗ ಮಂಜು ಕವಿಯಿತು. ಹುಟ್ಟು ಎತ್ತಿ ಸುಮ್ಮನೆ ಕೂತೆವು, ದಡದ ಗಂಟೆ ಕೇಳಲಿ ಅಂತ. ನಾನು ಏನೋ ಗುನುಗುತ್ತಿದ್ದೆ. ಅವನು ಕೆಳದನಿಯಲ್ಲಿ ಜೊತೆ ಸೇರಿದ. ಕಲಿಸಿರಲಿಲ್ಲ, ಹೇಗೋ ಹೊಂದಿಕೊಂಡಿತು. ಆಮೇಲೆ ನೋಡಿದರೆ ಅವನ ಕೈ ನನ್ನ ಕೈ ಮೇಲೆ. ಹುಟ್ಟು ಹಾಕೋಕಲ್ಲ.

ಗಂಟೆ ಕೇಳಿಸಿತು. ಇಬ್ಬರೂ ಕೇಳಿಸದವರ ಹಾಗೆ ಕೂತಿದ್ದೆವು.

೧೯೨೯ ಆಗಸ್ಟ್ ೨೫

ನಾಳೆ ಹೊರಡುತ್ತಾನೆ. ಸಂಜೆ ಉಪ್ಪಿನ ಗೋದಾಮಿನಲ್ಲಿ, ಚಿಲಕ ಹಾಕಿಕೊಂಡು, ನಾನು ಆ ಹಾಡು ಹಾಡಿಬಿಟ್ಟೆ.

ಫೀನತ್ತೆ ಸ್ವಂತ ಕಟ್ಟಿದ ಹಾಡು. ಮಗ ಗಾರ್ಲೆಂಡ್ ದೋಣಿ ಸಮೇತ ಮುಳುಗಿ ಹೋದನಲ್ಲ, ಆ ವರ್ಷ ಕಟ್ಟಿದ್ದು. ಅವನಿಗೆ ಜ್ವರ ಇತ್ತು. ಡಾರ್ಕಸ್ ತವರಿಗೆ ಹೋಗಿದ್ದಳು. ಸೋಮಾರಿ ಅಂತ ಬೈದು, ಹೊದಿಕೆ ಎಳೆದು ಸಮುದ್ರಕ್ಕೆ ಕಳಿಸಿದವಳು ತಾಯಿ. ಡಾರ್ಕಸ್‌ಗೆ ಇವತ್ತಿಗೂ ಗೊತ್ತಿಲ್ಲ. ಗಂಡ ತಾನೇ ಹಟ ಮಾಡಿ ಹೋದ ಅಂದುಕೊಂಡಿದ್ದಾಳೆ. ಹಿತ್ತಿಲ ಕೊಟ್ಟಿಗೆಯಲ್ಲಿ ಅತ್ತೆ ಒಬ್ಬಳೇ ಹಾಡಿಕೊಳ್ಳೋದು ಆ ಚಳಿಗಾಲ ನನ್ನ ಕಿವಿಗೆ ಬಿತ್ತು. ಸಿಕ್ಕಿಬಿದ್ದವಳು ಪೂರ್ತಿ ಕಲಿಸಿದಳು. “ಅವಳ ಮುಖ ನೋಡಿ ಹೇಳೋಕೆ ನಂಗೆ ಧೈರ್ಯ ಇಲ್ಲ ಮಗಾ. ನಾನು ಹೋದ ಮೇಲೆ ನೀನು ಅವಳಿಗೆ ಹಾಡು. ಅಲ್ಲಿವರೆಗೂ ಯಾರಿಗೂ ಬೇಡ.”

ಎವರೆಟ್‌ಗೆ ಅದನ್ನೂ ಹೇಳಿದೆ. ಫೋನೋಗ್ರಾಫು ನನ್ನ ಕಡೆ ತಿರುಗಿಸಿದ. ಬೇಡ ಅಂದೆ.

“ನನಗೊಬ್ಬನಿಗೆ. ಅಲ್ಲಿ ಚಳಿಗಾಲ ಇಡೀ ನಿನ್ನ ದನಿ ಇಲ್ಲದೆ ಹೇಗಿರಲಿ?”

ಹಾಡಿದೆ. ಮುಗಿದ ಮೇಲೆ, ದನಿ ಕೊರೆದುಕೊಳ್ಳೋ ಮೇಣದ ಉರುಳೆ ಇನ್ನೂ ತಿರುಗುತ್ತಿರುವಾಗಲೇ, ಅವನ ಹೆಸರು ಕರೆದೆ. ಅದೂ ಅದರಲ್ಲಿ ಸೇರಿಹೋಯಿತು. ಇಬ್ಬರೂ ನಕ್ಕೆವು.

೧೯೨೯ ಡಿಸೆಂಬರ್ ೧೯

ಹಡಗು ಬಂತು. ಕಾಗದ ಇಲ್ಲ. ಇನ್ನು ಮಂಜುಗಡ್ಡೆ ಕರಗೋವರೆಗೂ ಇಲ್ಲ.

೧೯೩೦ ಜೂನ್ ೨೭

ಬಂದ.

ಟೆಲಿಗ್ರಾಂ ಮೊನ್ನೆ ಬಂದಾಗಿನಿಂದ ನಿದ್ದೆ ಇಲ್ಲ. ಶರ್ಟಿಗೆ ಇಸ್ತ್ರಿ ಹಾಕಿಕೊಂಡು ಹಡಗುಕಟ್ಟೆಯ ತುದಿಗೆ ಹೋಗಿ ನಿಂತಿದ್ದೆ. ಮೊದಲು ಪೆಟ್ಟಿಗೆಗಳು ಇಳಿದವು. ಆಮೇಲೆ ಹಸಿರು ಕೋಟಿನ ಹೆಣ್ಣುಮಗಳು. ಅವಳ ಮೊಣಕೈ ಹಿಡಿದು ಇಳಿಸಿದ್ದು ಅವನು.

“ಆಂಬ್ರೋಸ್, ಇವಳು ಮಾರ್ಜೊರಿ. ಏಪ್ರಿಲ್‌ನಲ್ಲಿ ಮದುವೆ ಆಯ್ತು.”

ಅವಳು ನನ್ನ ಕೈ ಹಿಡಿದು ಬಿಡಲೇ ಇಲ್ಲ. “ನಿಮ್ಮನ್ನ ನೋಡ್ಬೇಕು ಅಂತ ಎಷ್ಟು ಆಸೆ ಇತ್ತು. ನ್ಯೂಫೌಂಡ್‌ಲ್ಯಾಂಡ್ ಅಂದ್ರೆ ಇವರ ಬಾಯಲ್ಲಿ ನಿಮ್ಮದೇ ಹೆಸರು.”

ಒಳ್ಳೆಯವಳು. ಅದೇ ಕಷ್ಟ. ಹಮ್ಮಿನವಳಾಗಿದ್ದರೆ ಸುಲಭವಾಗಿರುತ್ತಿತ್ತು.

ಅವನ ಪೆಟ್ಟಿಗೆ ನಾನೇ ಹೊತ್ತೆ. ಯಾಕೆ ಹೊತ್ತೆನೋ.

೧೯೩೦ ಜುಲೈ ೧

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಮಧ್ಯಾಹ್ನ ಫೀನತ್ತೆಯ ಅಡುಗೆಮನೆಯಲ್ಲಿ ಮದುಮಕ್ಕಳಿಗೆ ಚಹಾ. ಅರ್ಧ ಊರು ಸೇರಿತ್ತು. ಡಾರ್ಕಸ್ ಬಿಸಿ ಬ್ರೆಡ್ಡಿಗೆ ಕಾಕಂಬಿ ಸವರಿ ಹಂಚುತ್ತಿದ್ದಳು. ಎಲ್ಲರೂ ಒಂದೊಂದು ಹಾಡಿದರು. ಆಮೇಲೆ ಯಾರೋ — “ಮದುಮಗಳೂ ಒಂದು ಹೇಳ್ಲಿ.”

ಮಾರ್ಜೊರಿ ನಾಚಿದಳು. “ನಿಮ್ಮ ಕಡೆಯದೇ ಒಂದು ಬರುತ್ತೆ. ಇವರು ಕಲಿಸಿದ್ದು.”

ಎವರೆಟ್ ತಲೆ ಎತ್ತಿದ. “ಅದು ಬೇಡ, ಮಾರ್ಜ್.” ಅಷ್ಟು ಮೆಲ್ಲಗೆ ಹೇಳಿದ, ಸಂಕೋಚಕ್ಕೆ ಅಂದ ಅಂತ ಎಲ್ಲರೂ ನಕ್ಕರು. ಅವಳು ಶುರು ಮಾಡಿಯೇಬಿಟ್ಟಳು.

ಮೊದಲ ಸಾಲಿಗೇ ಯಾವ ಹಾಡು ಅಂತ ನನಗೆ ಗೊತ್ತಾಯಿತು. ದನಿ ಚೆನ್ನಾಗಿದೆ ಅವಳದು. ಒಂದು ಪದವೂ ತಪ್ಪಲಿಲ್ಲ.

ಮೈ ಸುಡ್ತಿತ್ತು ಗಾರ್ಲೆಂಡ್, ಕಣ್ಣು ಕೆಂಪಗಿತ್ತು,
ಹೊದಿಕೆ ಎಳೆದು ಎಬ್ಬಿಸಿದ್ದು ನಾನಲ್ಲದೆ ಯಾರು?
ಸೊಸೆ ಬಂದು ಕೇಳಿದ್ರೆ ಏನಂತ ಹೇಳಲಿ,
ಒಲೆ ಇನ್ನೂ ಬಿಸಿ ಇದೆ, ಹಾಸಿಗೆ ತಣ್ಣಗಿದೆ.

ಗಾರ್ಲೆಂಡ್ ಅನ್ನೋ ಹೆಸರು ಬಂದಾಗಲೇ ಅಡುಗೆಮನೆ ಸ್ತಬ್ಧ. ಊರಿಗೆ ಒಬ್ಬನೇ ಗಾರ್ಲೆಂಡ್. ಮಾರ್ಜೊರಿ ಕಣ್ಣು ಮುಚ್ಚಿ ಹಾಡುತ್ತಿದ್ದಳು, ಪಾಪ. ಆ ಮೌನವನ್ನು ಮೆಚ್ಚುಗೆ ಅಂದುಕೊಂಡಿರಬೇಕು. ಡಾರ್ಕಸ್ ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಸದ್ದಿಲ್ಲದೆ, ಒಡೆಯಬಾರದು ಅನ್ನೋ ಹಾಗೆ. ಬಾಗಿಲು ತೆಗೆದು ಹೋದಳು.

ಅತ್ತೆ ಎದ್ದು ಮಾರ್ಜೊರಿಯ ಭುಜ ಮುಟ್ಟಿದಳು. “ಸಾಕು ತಾಯಿ. ದನಿ ಚೆನ್ನಾಗಿದೆ ನಿಂದು. ಮುಂದಿಂದು ಬೇಡ.”

ಆಮೇಲೆ ನನ್ನ ಕಡೆ ನೋಡಿದಳು. ಎವರೆಟ್ ಕಡೆ ಅಲ್ಲ.

೧೯೩೦ ಜುಲೈ ೨

ಶಾಲೆ ಗುಡಿಸುತ್ತಿದ್ದೆ. ಎವರೆಟ್ ಬಂದ. ಮಕ್ಕಳ ಬೆಂಚಿನಲ್ಲಿ ಕೂತ, ಮೊಣಕಾಲು ಎದೆಗೆ ಬರೋ ಹಾಗೆ.

“ಮಾರ್ಜೊರಿ ರಾತ್ರಿಯೆಲ್ಲ ಅತ್ತಳು. ಅವಳಿಗೇನೂ ಗೊತ್ತಿರ್ಲಿಲ್ಲ.”

“ನಿನಗೆ ಗೊತ್ತಿತ್ತಲ್ಲ.”

“ಬೇಡ ಅಂದೆನಲ್ಲ.”

“ಕಲಿಸೋವಾಗ ಅನ್ನಬೇಕಿತ್ತು. ನಿನಗೊಬ್ಬನಿಗೆ ಅಂತ ನೀನೇ ಅಂದಿದ್ದೆ.”

“ಹಾಡನ್ನ ಪೆಟ್ಟಿಗೇಲಿಟ್ಟು ಬೀಗ ಹಾಕೋಕಾಗಲ್ಲ ಆಂಬ್ರೋಸ್. ಎಂಥ ಹಾಡು ಅದು. ಕಾಲೇಜಿನ ಉಪನ್ಯಾಸದಲ್ಲಿ ಹಾಕಿದೆ. ಜನ ಎದ್ದು ನಿಂತರು. ನಿನ್ನ ದನಿಗೆ, ಗೊತ್ತಾ?”

ಇದನ್ನು ಕೇಳಿ ನನಗೆ ಖುಷಿ ಆಗುತ್ತೆ ಅಂದುಕೊಂಡಿದ್ದ. ಮುಖ ನೋಡಿದರೆ ಗೊತ್ತಾಗುತ್ತಿತ್ತು.

“ಉರುಳೆಯ ಕೊನೇಲಿ ನಿನ್ನ ಹೆಸರಿದೆ,” ಅಂದೆ. “ಅದನ್ನೂ ಕೇಳಿಸಿದೆಯಾ?”

“ಛೆ, ಅಷ್ಟು ದಡ್ಡನಾ ನಾನು? ಅಷ್ಟು ಭಾಗ ಮಾತ್ರ ಕೆರೆದು ತೆಗೆದೆ. ಬ್ಲೇಡಿನಲ್ಲಿ, ತುಂಬಾ ಜಾಗ್ರತೆಯಿಂದ. ಹಾಡಿಗೆ ಏನೂ ಆಗಿಲ್ಲ.”

ಪೊರಕೆ ಹಿಡಿದು ನಿಂತಿದ್ದೆ. ಮದುವೆಗೆ ಇಷ್ಟು ನೋವಾಗಿರಲಿಲ್ಲ. ಮದುವೆ ಮಾಡಿಕೊಳ್ಳುತ್ತಾರೆ, ನಮ್ಮಂಥವರೂ ಮಾಡಿಕೊಳ್ಳುತ್ತಾರೆ, ಅದು ನನಗೆ ಗೊತ್ತಿಲ್ಲದ್ದಲ್ಲ. ಆದರೆ ಆ ಬ್ಲೇಡು… ಯಾವ ಮೇಜಿನ ಮುಂದೆ ಕೂತು, ದೀಪ ಹತ್ತಿರ ಎಳೆದುಕೊಂಡು…

ಎದ್ದು ಬಂದು ನನ್ನ ತೋಳು ಮುಟ್ಟಿದ. “ಮಾರ್ಜೊರಿ ಬೇಗ ಮಲಗ್ತಾಳೆ. ಉಪ್ಪಿನ ಗೋದಾಮಿನ ಕೀಲಿ ಇನ್ನೂ ನಿನ್ನ ಹತ್ರಾನೇ ಇದೆಯಾ?”

“ಇಲ್ಲ.”

ಜೇಬಿನಲ್ಲೇ ಇತ್ತು.

೧೯೩೦ ಜುಲೈ ೬

ಡಾರ್ಕಸ್ ಬಟ್ಟೆ ಗಂಟು ಕಟ್ಟಿಕೊಂಡು ಅಣ್ಣನ ಮನೆಗೆ ಹೋದಳು. ಗಂಡ ಸತ್ತ ಮೇಲೂ ಅತ್ತೆಯ ಜೊತೆಗೇ ಇದ್ದವಳು. ಊರೆಲ್ಲ ಕಿಟಕಿಯಿಂದ ನೋಡಿತು.

ಸಂಜೆ ಫೀನತ್ತೆ ಹತ್ತಿರ ಹೋದೆ. ಕೂರು ಅನ್ನಲಿಲ್ಲ. ಬಲೆ ಹೆಣೆಯುತ್ತಿದ್ದಳು.

“ಅವನಿಗ್ಯಾಕೆ ಕೊಟ್ಟೆ?”

“ಅವನು ಕೇಳಿದ, ಅತ್ತೆ.”

ಬಲೆಯ ಗಂಟೊಂದನ್ನು ಎಳೆದು ಬಿಗಿದಳು. “ಆ ಹುಡುಗಿ ಹಾಡ್ತಿರುವಾಗ ನಿನ್ನ ಮುಖ ನೋಡ್ದೆ. ಗಾರ್ಲೆಂಡ್‌ನ ಸುದ್ದಿ ಬಂದ ದಿನ ಡಾರ್ಕಸ್ ಮುಖ ಹಾಗೇ ಇತ್ತು. ನಂಗೆ ಅರ್ಥ ಆಯ್ತು ಮಗಾ. ಇದನ್ನ ಯಾರಿಗೂ ಹೇಳಲ್ಲ.”

ನನಗೆ ಅಳು ಬಂದುಬಿಟ್ಟಿತು.

“ಅಳಬೇಡ ಇಲ್ಲಿ. ನಿಂಗೆ ಅವನು ಮೋಸ ಮಾಡಿದ. ನಂಗೆ ಮಾಡಿದ್ದು ನೀನು. ಅರ್ಥ ಆಯ್ತು ಅಂದ್ರೆ ಮನಸ್ಸು ತಿಳಿಯಾಯ್ತು ಅಂತಲ್ಲ. ಹೋಗು ಈಗ.”

೧೯೩೦ ಜುಲೈ ೯

ಅವರ ಹಡಗು ಹೊರಟಿತು. ಕಟ್ಟೆಗೆ ಹೋಗಲಿಲ್ಲ. ಶಾಲೆಯ ಕಿಟಕಿಯಿಂದ ಹಸಿರು ಕೋಟು ಕಾಣಿಸಿತು, ಪಕ್ಕದಲ್ಲಿ ಅವನ ಹ್ಯಾಟು. ಮಾರ್ಜೊರಿ ಹೋಗೋ ಮೊದಲು ಅತ್ತೆಯ ಬಾಗಿಲಿಗೆ ಹೋಗಿ ಕ್ಷಮೆ ಕೇಳಿದಳಂತೆ. ಅವನು ರಸ್ತೆಯಲ್ಲೇ ನಿಂತಿದ್ದನಂತೆ.

ಉಪ್ಪಿನ ಗೋದಾಮಿನ ಕೀಲಿ ಅದರ ಒಡೆಯ ಸಾಹುಕಾರನಿಗೆ ವಾಪಸ್ ಕೊಟ್ಟೆ.

೧೯೩೦ ಜುಲೈ ೧೦

ಕಾಫಿಗೆ ನೀರಿಟ್ಟು ಮರೆತೆ. ಕೆಟಲ್ ತಳ ಸುಟ್ಟಿತು. ಬೇರೆ ಏನೂ ಇಲ್ಲ.

೧೯೩೦ ಜುಲೈ ೧೪

ಡಾರ್ಕಸ್ ಶಾಲೆಗೆ ಬಂದಿದ್ದಳು. ತಲೆಗೆ ಕಟ್ಟಿದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದಳು.

“ಮೇಷ್ಟ್ರೇ, ಅತ್ತೆ ಅವತ್ತು ಮಧ್ಯದಲ್ಲೇ ನಿಲ್ಲಿಸಿದ್ರು. ಮುಂದೆ ಇದೆಯಾ?”

“ಇದೆ.”

“ನಿಮಗೆ ಬರುತ್ತಾ?”

“ಬರುತ್ತೆ.”

“ಹಾಡಿ. ಅರ್ಧ ಕೇಳಿ ನಿದ್ದೆ ಬರ್ತಿಲ್ಲ ನಂಗೆ. ಊರಿನವರೆಲ್ಲ ಒಬ್ಬೊಬ್ರು ಒಂದೊಂದು ಹೇಳ್ತಿದಾರೆ.”

ಬಾಯಿ ತೆರೆದದ್ದು ನಿಜ. ನನ್ನ ಹತ್ತಿರ ಕೇಳಿಕೊಂಡು ಬಂದಿದ್ದಳು, ನನ್ನ ಕೈಲಾಗುವುದಾಗಿತ್ತು. ಹಿಂದೆಯೂ ಹೀಗೇ ಒಬ್ಬ ಕೇಳಿದ್ದ.

“ನಾನು ಹಾಡಲ್ಲ ಡಾರ್ಕಸ್. ನಡಿ, ಜೊತೆಗೆ ಬರ್ತೀನಿ.”

“ಆ ಮನೆಗೆ ಕಾಲಿಡಲ್ಲ ನಾನು.”

“ಹಾಡು ಆ ಮನೆಯಲ್ಲಿದೆ.”

ನನ್ನ ಹಿಂದೆಯೇ ನಡೆದು ಬಂದಳು. ಅತ್ತೆ ಅಂಗಳದಲ್ಲಿ ಮೀನು ಮಗುಚುತ್ತಿದ್ದಳು. ಸೊಸೆಯನ್ನು ನೋಡಿ ಎರಡೂ ಕೈ ಏಪ್ರನ್ನಿಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಡಾರ್ಕಸ್ ಬೇಲಿ ಹೊರಗೇ ನಿಂತು, “ಪೂರ್ತಿ ಹೇಳಿ. ನನ್ನ ಮುಖ ನೋಡಿ ಹೇಳಿ,” ಅಂದಳು.

ನಾನು ಹೊರಡಲು ತಿರುಗಿದೆ. ಅತ್ತೆ — “ನೀನೂ ನಿಲ್ಲು. ತಪ್ಪಿದ್ರೆ ಹೇಳು.”

ಶುರು ಮಾಡಿದಳು. ದನಿ ಒಡೆದಿತ್ತು. ಗಾಳಿಗೆ ಅರ್ಧ ಹಾರಿಹೋಗುತ್ತಿತ್ತು. ಡಾರ್ಕಸ್ ಬೇಲಿಯ ಗೂಟ ಹಿಡಿದುಕೊಂಡಿದ್ದಳು. ಹಾಸಿಗೆ ತಣ್ಣಗಿದೆ ಅನ್ನೋ ತನಕ ಬಂದು ಅತ್ತೆ ಉಸಿರು ತೆಗೆದುಕೊಂಡಳು. ಕೊನೆಯ ಚರಣ ನನಗೆ ಕಲಿಸಿದ ಹಾಗಿರಲಿಲ್ಲ. ಸೊಸೆಯ ಕಣ್ಣಲ್ಲಿ ಕಣ್ಣಿಟ್ಟು ಬೇರೆಯೇ ಹೇಳಿದಳು. ಅದರಲ್ಲಿ ಅವಳು ಡಾರ್ಕಸ್‌ಗೆ ಹೇಳಿದ್ದು ಡಾರ್ಕಸ್‌ದು, ಇಲ್ಲಿ ಬರೆಯಲ್ಲ.